ಬಸೂನ್ ಪಾರ್ಟಿನ ಕೊನೆಯ ಪುಟ

ಇದನ್ನು ಬರೆಯುವುದನ್ನು ನಾನು ಬಹಳ ವರ್ಷಗಳಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ. ನಮ್ಮ ಕನ್ನಡ ಕೂಟದ ವಾರ್ಷಿಕ ಸಂಚಿಕೆ ನೋಡಿಕೊಳ್ಳುವ ಹುಡುಗಿ ಪ್ರತಿ ವರ್ಷ ಫೋನ್ ಮಾಡುತ್ತಾಳೆ. "ಅಂಕಲ್, ನೀವು ಆರ್ಕೆಸ್ಟ್ರಾದಲ್ಲಿ ಕೆಲ್ಸ ಮಾಡ್ತಿದ್ರಲ್ಲ, ಅದ್ರ ಬಗ್ಗೆ ಬರ್ಕೊಡಿ. ಎಲ್ರೂ ಟ್ರಿಪ್ ಹೋಗಿದ್ದನ್ನೇ ಬರೀತಾರೆ." ನಾನು ಒಂದು ವರ್ಷ ಮೈಸೂರಿನ ಅಚ್ಚುಕೂಟದ ನೆನಪು ಬರೆದುಕೊಟ್ಟೆ. ಇನ್ನೊಂದು ವರ್ಷ ಇಲ್ಲಿನ ಹಿತ್ತಲಲ್ಲಿ ಹೀರೇಕಾಯಿ ಬೆಳೆದ ಕಥೆ ಬರೆದೆ. ಕೇಳಿದ್ದನ್ನು ಕೊಡಲಿಲ್ಲ.

ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಲು ಹೋಗಿದ್ದೆ. ಡಾಕ್ಟರು ಅಕ್ಷರದ ಹಲಗೆ ತೋರಿಸಿ ಕೊನೆಯ ಸಾಲು ಓದಿ ಎಂದರು. ಅಲ್ಲಿ ಸಾಲಿದೆ ಎಂಬುದೇ ನನಗೆ ಕಾಣಲಿಲ್ಲ. "ಇದೆ, ಇದೆ, ನೋಡಿ" ಎಂದರು ಅವರು. ಇದೇ ಮಾತನ್ನು ನಾನು ಒಬ್ಬರಿಗೆ ನಂಬಿಸಿದ್ದೆ. ಅವರ ಕಣ್ಣು ಸರಿಯಾಗಿತ್ತು, ಕಾಗದದಲ್ಲಿ ಏನೂ ಇರಲಿಲ್ಲ. ಆದರೂ ಇತ್ತು ಎಂದು ನಂಬಿಸಿದೆ.

ಅವರು ಬಸೂನ್ ನುಡಿಸುತ್ತಿದ್ದರು. ಬಸೂನ್ ಎಂದರೆ ಎದೆಗೆ ಒರಗಿಸಿಕೊಂಡು ಊದುವ, ಆಳೆತ್ತರಕ್ಕೆ ಹತ್ತಿರವಾದ ಮರದ ಕೊಳವೆ. ಅದರ ದನಿ ಗಂಟಲು ಕಟ್ಟಿದ ಮನುಷ್ಯನೊಬ್ಬ ಹಾಡಲು ಹೊರಟಂತೆ ಇರುತ್ತದೆ. ನಾವಿರುವ ಈ ದೇಶದ ದಕ್ಷಿಣ ದ್ವೀಪದ ಹೈನುಗಾರರ ಮಗಳು ಅವರು. ಶಾಲೆಯಲ್ಲಿ ವಾದ್ಯ ಹಂಚಿದಾಗ ಎಲ್ಲರೂ ಪಿಟೀಲು, ಕೊಳಲು ಎತ್ತಿಕೊಂಡು ಹೋಗಿ, ಕೊನೆಗೆ ಇದು ಉಳಿದಿತ್ತಂತೆ. "ನಮ್ಮಿಬ್ಬರನ್ನೂ ಯಾರೂ ಆರಿಸ್ಕೊಳ್ಳಲಿಲ್ಲ, ಹಾಗಾಗಿ ಜೊತೆಯಾದ್ವಿ" ಎನ್ನುತ್ತಿದ್ದರು. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ಇಷ್ಟು ವರ್ಷ ತಲೆಯೊಳಗೆ ತಿರುಗಿ ತಿರುಗಿ ನನಗೆ ಈಗ ಕನ್ನಡದಲ್ಲೇ ಕೇಳಿಸುತ್ತದೆ.

ನಾನು ಎಸ್.ಎಸ್.ಎಲ್.ಸಿ. ಓದಿದವನು. ಮೈಸೂರಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ಅಚ್ಚುಕೂಟ ಮುಚ್ಚಿತು. ಹೆಂಡತಿ ನರ್ಸ್, ಅವಳಿಗೆ ವೆಲ್ಲಿಂಗ್ಟನ್‌ನಲ್ಲಿ ಕೆಲಸ ಸಿಕ್ಕಿತು, ಅವಳ ವೀಸಾದ ಹಿಂದೆ ನಾನೂ ಬಂದೆ. ಪಕ್ಕದ ಊರು ಪೊರಿರುವಾದಲ್ಲಿ ಮನೆ ಮಾಡಿದೆವು. ಐವತ್ತು ದಾಟಿದವನಿಗೆ ಸಿಕ್ಕಿದ್ದು ಒಪೆರಾ ಎಂಬ ಹಾಡುನಾಟಕಗಳಿಗೆ, ಬ್ಯಾಲೆ ಎಂಬ ನೃತ್ಯನಾಟಕಗಳಿಗೆ ನುಡಿಸುವ ಒಂದು ವಾದ್ಯವೃಂದದ ತಾಲೀಮು ಹಾಲ್ ಗುಡಿಸುವ ಕೆಲಸ. ಗುಡಿಸುತ್ತಾ ಕುರ್ಚಿ ಜೋಡಿಸಿದೆ, ಕುರ್ಚಿ ಜೋಡಿಸುತ್ತಾ ಬಿದ್ದ ಕಾಗದಗಳನ್ನು ಪುಟದ ಪ್ರಕಾರ ಇಟ್ಟು ಮೇಲೆ ಚೀಟಿ ಬರೆದೆ. ಅಲ್ಲಿನ ಸಂಗೀತದ ಕಾಗದಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಲೈಬ್ರೇರಿಯನ್ ಒಂದು ದಿನ ನನ್ನ ಅಕ್ಷರ ನೋಡಿ ಕೇಳಿದ, "ನಿನಗೆ ಸಂಗೀತ ಓದೋಕೆ ಬರುತ್ತಾ?"

"ಇಲ್ಲ."

"ಒಳ್ಳೇದಾಯ್ತು. ಹಾಗಾದ್ರೆ ಇರೋದನ್ನೇ ನಕಲು ಮಾಡ್ತೀಯ."

ಹಾಗೆ ನಾನು ಅವನ ಸಹಾಯಕನಾದೆ. ಒಬ್ಬೊಬ್ಬ ವಾದಕರ ಮುಂದೆಯೂ ಅವರು ನುಡಿಸಬೇಕಾದಷ್ಟನ್ನೇ ಅಚ್ಚು ಹಾಕಿದ ಕಾಗದಗಳ ಕಟ್ಟು ಇರುತ್ತದೆ. ಅದನ್ನು ಪಾರ್ಟ್ ಎನ್ನುತ್ತಾರೆ. ಹೆಚ್ಚಿನವು ಹೊರದೇಶದಿಂದ ಬಾಡಿಗೆಗೆ ಬರುತ್ತಿದ್ದವು. ಎಲ್ಲಿ ಉಸಿರು, ಎಲ್ಲಿ ನಿಧಾನ, ಎಷ್ಟು ಬಿಡಬೇಕು ಎಂಬುದನ್ನೆಲ್ಲ ನಾವು ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಬೇಕು. ಪ್ರಯೋಗಗಳು ಮುಗಿದ ಮೇಲೆ ಎಲ್ಲ ಅಳಿಸಿ, ರಬ್ಬರಿನ ಪುಡಿ ಕೊಡವಿ, ವಾಪಸು ಕಳಿಸಬೇಕು. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು.

ಒಂದನ್ನು ಮಾತ್ರ ಅಳಿಸುವ ಹಾಗಿಲ್ಲ. ಪಾರ್ಟಿನ ಕೊನೆಯ ಪುಟದ ಕೆಳಗೆ, ಖಾಲಿ ಜಾಗದಲ್ಲಿ, ಅದನ್ನು ನುಡಿಸಿದವರು ತಮ್ಮ ಹೆಸರು, ಊರು ಬರೆಯುತ್ತಾರೆ. ಕೆಲವರು ಒಂದು ಸಾಲು ಸೇರಿಸುತ್ತಾರೆ. ಥಿಯೇಟರಿನಲ್ಲಿ ಚಳಿ, ಮಗಳು ಹುಟ್ಟಿದಳು, ನಾಲ್ಕನೇ ಪುಟ ತಿರುಗಿಸುವಾಗ ಎಚ್ಚರ. ಲೋಕದ ಯಾವ್ಯಾವುದೋ ಊರುಗಳ ವಾದಕರು ಹಾಗೆ ಒಬ್ಬರ ಕೆಳಗೊಬ್ಬರು ನಿಂತಿರುತ್ತಾರೆ. "ಎಲ್ಲ ಉಜ್ಜು, ಕೊನೇ ಪುಟ ಮುಟ್ಟಬೇಡ" ಎಂದು ಲೈಬ್ರೇರಿಯನ್ ಮೊದಲ ದಿನವೇ ಹೇಳಿದ್ದ.

ಅವರ ಹೆಸರು ಆ ಪುಟಗಳಲ್ಲಿ ತುಂಬ ಕಡೆ ಇತ್ತು. ಒತ್ತಿ ಬರೆಯುತ್ತಿದ್ದರು. ಬಸೂನಿನಲ್ಲಿ ಹೆಬ್ಬೆರಳುಗಳಿಗೆ ಕೆಲಸ ಜಾಸ್ತಿ, ಅವು ಬಲಿತು ಪೆನ್ಸಿಲ್ ಮುರಿಯುವಷ್ಟು ಗಟ್ಟಿಯಾಗಿದ್ದವು. ಅವರು ಬರೆದ ಪುಟದ ಹಿಂಬದಿ ಸವರಿದರೆ ಅಕ್ಷರ ಬೆರಳಿಗೆ ಸಿಗುತ್ತಿತ್ತು. ಮೊಳೆ ಜೋಡಿಸಿದ ಕೈ ನನ್ನದು, ಸುಮ್ಮನೆ ಸವರಿ ನೋಡುತ್ತಿದ್ದೆ.

ವಾದ್ಯವೃಂದದ ಚರಿತ್ರೆ ಬೇಕೆಂದರೆ ಅವರನ್ನೇ ಕೇಳಬೇಕಿತ್ತು. ಶುರುವಿನಲ್ಲಿ ಶಾಲೆಯ ಮೇಷ್ಟ್ರುಗಳು, ಅಂಚೆ ಕಚೇರಿಯವರು, ಒಬ್ಬ ಹಲ್ಲಿನ ಡಾಕ್ಟರು ಸೇರಿ ಸಂಜೆ ಹೊತ್ತು ನುಡಿಸುತ್ತಿದ್ದ ಗುಂಪಂತೆ ಅದು. ಸಂಬಳ ಕೊಡುವ ವೃಂದವಾದದ್ದು ಆಮೇಲೆ. ಬಸ್ಸಿನಲ್ಲಿ, ಫೆರಿಯಲ್ಲಿ ಊರೂರು ತಿರುಗಿದ್ದರು. ಒಂದೂರಿನಲ್ಲಿ ಹಾಲ್‌ನ ನೆಲ ತೋಡಿ ಇವರಿಗೆ ಕೂರಲು ಜಾಗ ಮಾಡಿದ್ದರಂತೆ, ಹಿಂದಿನ ವಾರ ಅದೇ ಹಾಲಲ್ಲಿ ಕುರಿ ಹರಾಜು ಆಗಿತ್ತಂತೆ. "ದುಃಖದ ಒಪೆರಾ. ಸಾಯೋ ಹಾಡು ಹಾಡ್ತಿದ್ರೆ ಎಲ್ರೂ ಮೂಗು ಮುಚ್ಕೊಂಡಿದ್ರು. ಜನ ಅಳ್ತಿದಾರೆ ಅಂತ ಪತ್ರಿಕೆಯವನು ಬರೆದ."

ವಾದಕರು ಕೂರುವುದು ರಂಗದ ಮುಂದಿನ ತಗ್ಗಿನಲ್ಲಿ. ಅದಕ್ಕೆ ಪಿಟ್ ಎನ್ನುತ್ತಾರೆ. ಅಲ್ಲಿಂದ ರಂಗ ಕಾಣುವುದಿಲ್ಲ. ಅವರು ಮೂವತ್ತು ವರ್ಷ ಬ್ಯಾಲೆಗೆ ನುಡಿಸಿದ್ದರು, ಒಂದು ಬ್ಯಾಲೆಯನ್ನೂ ನೋಡಿರಲಿಲ್ಲ. ಟಿಕೆಟ್ ತಗೊಂಡು ಒಮ್ಮೆ ನೋಡಬಾರದೇ ಎಂದು ಕೇಳಿದೆ. "ಯಾಕೆ? ನನಗೆ ಕಾಲಿನ ಸದ್ದು ಗೊತ್ತು" ಎಂದರು. ನಿಜವಾಗಿಯೂ ಗೊತ್ತಿತ್ತು. ತಲೆಯ ಮೇಲಿನ ಹಲಗೆಯ ಸದ್ದು ಕೇಳಿ ಇವಳು ಯಾರು, ಇವತ್ತು ಯಾವ ಮಂಡಿ ನೋಯುತ್ತಿದೆ ಎಂದು ಹೇಳಿಬಿಡುತ್ತಿದ್ದರು.

ಪ್ರದರ್ಶನಕ್ಕೆ ಮುಕ್ಕಾಲು ಗಂಟೆ ಮೊದಲೇ ಒಬ್ಬರೇ ಪಿಟ್‌ಗೆ ಇಳಿಯುತ್ತಿದ್ದರು. ಬಸೂನಿನ ಬಾಯಿಗೆ ಸಿಕ್ಕಿಸುವ ಬೆತ್ತದ ಸೀಳಿಗೆ ರೀಡ್ ಎನ್ನುತ್ತಾರೆ. ಅದನ್ನು ಅವರೇ ಹೆರೆದು, ಕೆಂಪು ದಾರ ಸುತ್ತಿ ಮಾಡುತ್ತಿದ್ದರು. ಫಿಲಂ ಡಬ್ಬಿಯ ನೀರಿನಲ್ಲಿ ಅದನ್ನು ನೆನೆಯಿಟ್ಟು, ಆ ತಂಪಿನಲ್ಲಿ ಕೂತಿರುವುದು ಅವರ ಪದ್ಧತಿ. ಉಳಿದವರು ಮೇಲೆ ಟೀ ಕುಡಿಯುತ್ತಿರುತ್ತಿದ್ದರು. ಸೂಚನೆ ಏನಾದರೂ ಇದ್ದರೆ ಕಂಡಕ್ಟರ್, ಅಂದರೆ ಮುಂದೆ ಕೋಲು ಹಿಡಿದು ನಡೆಸುವವರು, ಆ ಟೀ ಹೊತ್ತಿನಲ್ಲಿಯೇ ಹೇಳುತ್ತಿದ್ದರು. "ನಿಮಗೆ ಗೊತ್ತಾಗಲ್ಲವಲ್ಲ" ಎಂದು ನಾನು ಹೇಳಿದರೆ ನನ್ನ ತೋಳು ತಟ್ಟುತ್ತಿದ್ದರು. "ಎಲ್ಲ ಪಾರ್ಟ್‌ನಲ್ಲಿ ಇರುತ್ತಲ್ಲ. ನೀನು ಬರೆದಿದ್ರೆ ಇದೆ. ಬರೀದಿದ್ರೆ ಇಲ್ಲ."

ಒಂದು ಭಾನುವಾರ ನಮ್ಮ ಮನೆಗೆ ಬಂದಿದ್ದರು. ಉಪ್ಪಿಟ್ಟು ತಿಂದು, ಪೆಟ್ಟಿಗೆ ಬಿಚ್ಚಿ, ಬಸೂನಿನ ತುಂಡುಗಳನ್ನು ಊಟದ ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿ ತೋರಿಸಿದರು. ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದು, "ಏನ್ರೀ ಇದು, ನಮ್ಮಜ್ಜಿ ಒಲೆ ಊದ್ತಿದ್ದ ಕೊಳವೆಗೆ ಒಡವೆ ಹಾಕ್ದಂಗಿದೆ" ಎಂದಳು. ಏನಂದಳು ಎಂದು ಅವರು ಕೇಳಿದರು. ಚೆನ್ನಾಗಿದೆ ಅಂದಳು ಎಂದೆ.

"ಚೆನ್ನಾಗಿದೆ ಅನ್ನೋಕೆ ಇಷ್ಟು ನಗಬೇಕಾ?"

ಹೆಂಡತಿ ತಾನೇ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೋಗುವಾಗ ನನಗೆ, "ಸುಳ್ಳು ಹೇಳೋಕೆ ನಿನಗೆ ಬರಲ್ಲ, ಬಿಟ್ಬಿಡು" ಎಂದರು.

ಆ ವರ್ಷದ ಚಳಿಗಾಲದಲ್ಲಿ ಒಂದು ಬ್ಯಾಲೆ ದಕ್ಷಿಣ ದ್ವೀಪಕ್ಕೆ ಹೊರಟಿತು. ಪ್ರವಾಸಕ್ಕೆ ಚಿಕ್ಕ ತಂಡ, ಬಸೂನ್ ಒಂದೇ. ಲೈಬ್ರೇರಿಯನ್‌ಗೆ ಬೆನ್ನುನೋವು, ನನ್ನೊಬ್ಬನನ್ನೇ ಕಳಿಸಿದ. ಸರಿಯಾಗಿ ಮಾಡಿಕೊಂಡು ಬಂದರೆ ಕೆಲಸ ಪರ್ಮನೆಂಟ್ ಎಂದಿದ್ದ.

ಎರಡನೆಯ ಊರಿನ ರಂಗ ಚಿಕ್ಕದು. ಶನಿವಾರ ಮಧ್ಯಾಹ್ನ ಎರಡಕ್ಕೆ ಪ್ರದರ್ಶನ. ನಾಯಕಿ ಮೂಲೆಯಿಂದ ಮೂಲೆಗೆ ಸಾಗಬೇಕಾದ ಒಂದು ಜಾಗದಲ್ಲಿ ಅಷ್ಟು ಉದ್ದದ ನೆಲವೇ ಇರಲಿಲ್ಲ. ಬೆಳಿಗ್ಗೆ ಕಂಡಕ್ಟರ್ ರಂಗವನ್ನು ಹೆಜ್ಜೆಯಲ್ಲಿ ಅಳೆದು ಬಂದು ನನಗೆ ಚೀಟಿ ಕೊಟ್ಟರು. ಎರಡನೇ ಅಂಕದಲ್ಲಿ ಎಂಟು ಬಾರ್ ಬಿಡಬೇಕು. ಬಾರ್ ಎಂದರೆ ತಾಳದ ಒಂದೊಂದು ಮನೆ. ಅಲ್ಲಿ ಎಲ್ಲ ವಾದ್ಯಗಳೂ ನಿಲ್ಲಬೇಕು, ನಾಯಕಿ ಒಂಟಿ ಕಾಲಲ್ಲಿ ನಿಂತಿರುತ್ತಾಳೆ, ಅವಳ ಕೈ ಇಳಿದಾಗ ಎಂಟು ಬಾರ್ ದಾಟಿ ಮುಂದಿನಿಂದ ಶುರು. ಬಿಡಬೇಕಾಗಿದ್ದ ಆ ಎಂಟು ಬಾರ್ ಬಸೂನಿನ ರಾಗ.

ಎಲ್ಲ ಪಾರ್ಟುಗಳಲ್ಲೂ ಅದನ್ನು ಬರೆಯಬೇಕು, ಒಂದೊಂದು ಬರೆದಾಗಲೂ ಪಟ್ಟಿಯಲ್ಲಿ ಟಿಕ್ ಹಾಕಬೇಕು. ಅಚ್ಚುಕೂಟದಲ್ಲಿ ನನಗೊಂದು ಕೆಟ್ಟ ಅಭ್ಯಾಸ ಅಂಟಿತ್ತು. ಕರಡು ನೋಡುವ ಮೊದಲೇ ಪಟ್ಟಿಗೆಲ್ಲ ಟಿಕ್ ಎಳೆದು, ಆಮೇಲೆ ಕೆಲಸಕ್ಕೆ ಕೂರುವುದು. ಯಾರಾದರೂ ಬಂದು ಕೇಳಿದರೆ ತೋರಿಸಲು ಬೇಕಲ್ಲ. ಅಂದೂ ಹಾಗೆ ಮಾಡಿದೆ. ಬಸೂನಿನ ಪಾರ್ಟ್ ನನ್ನ ಮೇಜಿನ ಮೇಲಿರಲಿಲ್ಲ, ಬೆಳಿಗ್ಗೆಯೇ ಅವರು ಪಿಟ್‌ಗೆ ಒಯ್ದಿದ್ದರು. ಕೊನೆಗೆ ಕೆಳಗಿಳಿದು ಬರೆದರಾಯಿತು ಎಂದುಕೊಂಡೆ. ಕೊನೆ ಬಂದಾಗ ಪಟ್ಟಿ ನೋಡಿದೆ. ಬಸೂನಿಗೂ ಟಿಕ್ ಇತ್ತು. ಪಟ್ಟಿ ಮಡಿಸಿ ಸ್ಯಾಂಡ್‌ವಿಚ್ ತಿನ್ನಲು ಹೋದೆ.

ನಾನು ಪಿಟ್‌ನ ಸಣ್ಣ ಬಾಗಿಲಲ್ಲಿ ನಿಂತಿದ್ದೆ. ಎರಡನೇ ಅಂಕದಲ್ಲಿ ಆ ಜಾಗ ಬಂತು, ಎಲ್ಲ ನಿಂತಿತು. ಸಾವಿರ ಜನ ಇರುವ ಕಟ್ಟಡದಲ್ಲಿ ಅಂಥ ಮೌನ ನಾನು ಕೇಳಿಲ್ಲ. ಅವರ ಕೆನ್ನೆ ಉಬ್ಬುವುದು ಕಂಡಿತು. ಆಗ ನೆನಪಾಯಿತು ನನಗೆ. ಕೂಗಲು ಆಗುವುದಿಲ್ಲ, ಓಡಲು ಆಗುವುದಿಲ್ಲ. ಬಸೂನ್ ಒಂದೇ ಹಾಡಿತು, ನಾಲ್ಕು ಸ್ವರ. ಅಷ್ಟು ಚೆನ್ನಾಗಿ ಅವರು ಯಾವತ್ತೂ ನುಡಿಸಿರಲಿಲ್ಲ. ಮೇಲೆ ನಾಯಕಿಯ ಕಾಲು ಧೊಪ್ಪೆಂದು ಇಳಿಯಿತು. ಬಾಲ್ಕನಿಯಲ್ಲಿ ಯಾರೋ ನಕ್ಕರು. ಒಬ್ಬರು ನಕ್ಕಮೇಲೆ ಇನ್ನೊಂದಿಷ್ಟು ಜನ. ಕಂಡಕ್ಟರ್ ಎಡಗೈ ಎತ್ತಿದರು, ಬಸೂನ್ ನಿಂತಿತು, ಎಲ್ಲ ಮುಂದೆ ಹೋಯಿತು.

ಬಿಡುವಿನಲ್ಲಿ ಪಿಟ್ ಖಾಲಿಯಾಯಿತು. ಕೊನೆಗೆ ಎದ್ದವರು ಅವರು. ಯಾರನ್ನೂ ನೋಡದೆ ನನ್ನ ಪಕ್ಕದಿಂದಲೇ ಮೇಲೆ ಹೋದರು. ನಾನು ಒಳಗೆ ಹೋದೆ. ಅವರ ಪಾರ್ಟ್ ತೆರೆದೇ ಇತ್ತು. ಎಂಟು ಬಾರುಗಳ ಮೇಲೆ ಅಡ್ಡಗೆರೆ ಎಳೆದು, ಮೇಲೆ ದೊಡ್ಡದಾಗಿ 'ಕಟ್' ಎಂದು, ಪಕ್ಕದಲ್ಲಿ 'ಮೌನ' ಎಂದು ಬರೆದೆ. ನಾಳೆಯ ಪ್ರದರ್ಶನಕ್ಕೆ ಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಪೆನ್ಸಿಲ್ ಜೇಬಿಗೆ ಹಾಕುವಷ್ಟರಲ್ಲಿ ಕಂಡಕ್ಟರ್ ಇಳಿದು ಬಂದರು. ಪಾರ್ಟ್ ಎತ್ತಿ ನೋಡಿದರು.

"ಇದನ್ನ ಬೆಳಿಗ್ಗೆನೇ ಬರ್ದಿದ್ಯಾ?"

"ಹೌದು" ಎಂದೆ.

ನಾನು ಹೇಳಿದ್ದು ಅದೊಂದೇ ಪದ.

ಬಸೂನಿನವರನ್ನು ಕರೆಸಿದರು. ಅವರು ನೋಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಹೆಬ್ಬೆರಳನ್ನು ಗೆರೆಯ ಮೇಲಿಟ್ಟರು. ಪೆನ್ಸಿಲಿನ ಕಪ್ಪು ಹತ್ತಿತು, ಅದನ್ನೂ ನೋಡಿದರು. "ಇದೆ" ಎಂದರು. ಮತ್ತೆ, "ಇಷ್ಟು ದೊಡ್ಡದಾಗಿ ಇದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಪಾಪ, ನೀನು ಕಷ್ಟಪಟ್ಟು ಬರ್ದಿದೀಯ. ಸಾರಿ."

ನನ್ನಲ್ಲಿ ಕ್ಷಮೆ ಕೇಳಿದ್ದು ಅವರು.

ವೆಲ್ಲಿಂಗ್ಟನ್‌ಗೆ ಮರಳಿದ ಮೇಲೆ ಕಣ್ಣಿನ ಪರೀಕ್ಷೆ ಮಾಡಿಸಿಕೊಂಡರು. ಕಣ್ಣು ಚೆನ್ನಾಗಿದೆ ಎಂದರಂತೆ. "ಹಾಗಾದ್ರೆ ತೊಂದರೆ ಕಣ್ಣಿನ ಹಿಂದೆ ಇರಬೇಕು" ಎಂದು ಹಣೆ ತಟ್ಟಿಕೊಂಡರು. ಅವರ ತಾಯಿ ಇದೇ ವಯಸ್ಸಿನಲ್ಲಿ ಮರೆಯಲು ಶುರುಮಾಡಿ, ಕೊನೆಗೆ ಮಗಳನ್ನೂ ಮರೆತಿದ್ದರಂತೆ. ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲಾದರೂ ಹೇಳಬಹುದಿತ್ತು.

ಅಲ್ಲಿಂದ ಮುಂದೆ ಪ್ರತಿ ತಾಲೀಮಿಗೂ ಮೊದಲು ಅವರು ನನ್ನ ಕೋಣೆಗೆ ಬರುತ್ತಿದ್ದರು. "ಒಂದ್ನಿಮಿಷ ನನ್ನ ಜೊತೆ ನೋಡ್ತೀಯಾ? ನಿನ್ನ ಕಣ್ಣು ಚೆನ್ನಾಗಿದೆ." ಇಬ್ಬರೂ ಪಕ್ಕದಲ್ಲಿ ಕೂತು ಪುಟ ತಿರುಗಿಸುತ್ತಿದ್ದೆವು. ಇಲ್ಲೇನಾದರೂ ಇದೆಯಾ? ಇಲ್ಲ. ಇಲ್ಲಿ? ಇಲ್ಲ. ಖಾಲಿ ಜಾಗವನ್ನು ತೋರಿಸಿ ಖಾಲಿಯೇ ತಾನೇ ಎಂದು ಕೇಳುತ್ತಿದ್ದರು. ಮೂವತ್ತು ವರ್ಷ ಕತ್ತಲಲ್ಲಿ ಕಾಲಿನ ಸದ್ದು ಗುರುತಿಸಿದ ಹೆಂಗಸು. ನಡುವೆ ಜೀರಿಗೆ ಪೆಪ್ಪರ್‌ಮೆಂಟ್ ಕೊಟ್ಟರೆ ತಿನ್ನುತ್ತಿದ್ದರು. ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು.

ಹೆಂಡತಿಗೆ ಅರ್ಧ ಹೇಳಿದೆ, ಒಂದು ಪಾರ್ಟ್‌ನಲ್ಲಿ ಬರೆಯಲು ಮರೆತೆ ಎಂದು. ಆಮೇಲೆ ಬರೆದದ್ದನ್ನು ಹೇಳಲಿಲ್ಲ.

"ನಮ್ಮ ವಾರ್ಡಲ್ಲಿ ಮಾತ್ರೆ ತಪ್ಪಿದ್ರೆ ಅದಕ್ಕೊಂದು ಫಾರಂ ಇದೆ ಕಣ್ರೀ" ಎಂದಳು. "ಆ ಶಿಫ್ಟ್ ಮುಗಿಯೋದ್ರೊಳ್ಗೆ ತುಂಬ್ಬೇಕು. ತುಂಬಿದ್ರೆ ತಪ್ಪು ಅಷ್ಟಕ್ಕೇ ನಿಲ್ಲತ್ತೆ. ಹೋಗಿ ಹೇಳ್ಬಿಡಿ."

"ಪರ್ಮನೆಂಟ್ ಆಗ್ಲಿ, ಹೇಳ್ತೀನಿ."

"ಆದ್ಮೇಲೆ ಹೇಳೋ ಮುಖ ಇರತ್ತಾ?"

ಪರ್ಮನೆಂಟ್ ಆಯಿತು. ಮುಖ ಇರಲಿಲ್ಲ.

ವರ್ಷದ ಕೊನೆಗೆ ಅವರು ಕೆಲಸ ಬಿಟ್ಟರು. ಯಾರೂ ಬಿಡು ಎನ್ನಲಿಲ್ಲ, ಬೇಡ ಎಂದೂ ಯಾರೂ ಹೆಚ್ಚು ಒತ್ತಾಯಿಸಲಿಲ್ಲ. ಅದೇ ಬ್ಯಾಲೆಯ ಕೊನೆಯ ಪ್ರದರ್ಶನಗಳು ಅವರ ಕೊನೆಯವೂ ಆದವು. ಬೀಳ್ಕೊಡುಗೆಯ ದಿನ ಹಾಲ್‌ನಲ್ಲಿ ಕೇಕ್ ಕತ್ತರಿಸಿದರು. ತಟ್ಟೆ ಹಿಡಿದು ಗೋಡೆಯ ಹತ್ತಿರ ನಿಂತಿದ್ದ ನನ್ನ ಬಳಿ ಬಂದು, "ಕೊನೇ ಪುಟದಲ್ಲಿ ಬರ್ದಿದೀನಿ. ಉಜ್ಜೋ ಭರದಲ್ಲಿ ಅದನ್ನೂ ಉಜ್ಜಿಬಿಡಬೇಡ" ಎಂದರು.

ಮರುದಿನ ಪಾರ್ಟುಗಳನ್ನು ಅಳಿಸಲು ಕೂತೆ. ಬಸೂನಿನದರಲ್ಲಿ ನನ್ನ ಗೆರೆ, ನನ್ನ ದೊಡ್ಡ ಅಕ್ಷರ. ಉಜ್ಜಿದೆ, ಎಂಟು ಬಾರೂ ಮೊದಲಿನ ಹಾಗೆ ಸ್ವಚ್ಛವಾದವು. ಕೊನೆಯ ಪುಟ ತಿರುಗಿಸಿದೆ. ಹೀಗೆ ಬರೆದಿದ್ದರು: 'ಎರಡನೇ ಅಂಕದಲ್ಲಿ ಕಟ್ ಇತ್ತು. ದೊಡ್ಡದಾಗಿ ಬರೆದಿತ್ತು. ನಾನು ನೋಡಲಿಲ್ಲ. ಮುಂದೆ ನುಡಿಸುವವರೇ, ನಿಮ್ಮ ಕಣ್ಣನ್ನು ಪೂರ್ತಿ ನಂಬಬೇಡಿ.' ಕೆಳಗೆ ಹೆಸರು, ಊರು.

ಲೋಕದಲ್ಲಿ ಅದನ್ನು ಓದುವವರಿಗೆಲ್ಲ ನನ್ನ ಸುಳ್ಳನ್ನು ಅವರ ಕೈ ಹೇಳುತ್ತಿತ್ತು. ಸುಳ್ಳನ್ನು ತಾನೇ ಅಳಿಸುತ್ತಿರುವುದು ಎಂದುಕೊಂಡು ರಬ್ಬರ್ ಇಟ್ಟೆ. ಸಾಲು ಹೋಯಿತು. ಬರೀ ಹೆಸರು ಉಳಿದರೆ ಮೇಲೆ ಉಜ್ಜಿದ್ದು ಎದ್ದು ಕಾಣುತ್ತದೆ ಎಂದು ಹೆಸರನ್ನೂ ಉಜ್ಜಿದೆ. ಆ ಕೆಲಸದಲ್ಲಿದ್ದಷ್ಟು ಕಾಲ ನಾನು ಕೊನೆಯ ಪುಟದಲ್ಲಿ ಅಳಿಸಿದ್ದು ಅದೊಂದು ಸಲ. ರಬ್ಬರಿನ ಪುಡಿಯನ್ನು ಅಂಗೈಯಲ್ಲಿ ಗುಡ್ಡೆಮಾಡಿ ಬುಟ್ಟಿಗೆ ಹಾಕಿದೆ.

ಐದಾರು ವರ್ಷ ಕಳೆಯಿತು. ಅವರು ದಕ್ಷಿಣಕ್ಕೆ, ಅಣ್ಣನ ಊರಿಗೆ ಹೋಗಿದ್ದರು. ಕ್ರಿಸ್‌ಮಸ್‌ಗೆ ಕಾರ್ಡ್ ಬರುತ್ತಿತ್ತು, ಹೆಂಡತಿ ಉತ್ತರ ಬರೆಯುತ್ತಿದ್ದಳು, ನಾನು ಕೆಳಗೆ ಸಹಿ ಹಾಕುತ್ತಿದ್ದೆ. ಒಂದು ಚಳಿಗಾಲದಲ್ಲಿ ನೋಟಿಸ್ ಬೋರ್ಡಿನ ಮೇಲೆ ಅವರು ತೀರಿಕೊಂಡ ಸುದ್ದಿ ಹಾಕಿದ್ದರು. ಎದೆಯ ಕಾಯಿಲೆ. ಅವರ ಅಣ್ಣ ಬರೆದ ಪತ್ರವೂ ಪಕ್ಕದಲ್ಲಿತ್ತು. ಕೊನೆಯ ದಿನದವರೆಗೂ ತಲೆ ಚುರುಕಾಗಿತ್ತು, ಪತ್ರಿಕೆಯ ಪದಬಂಧ ಪೆನ್ನಿನಲ್ಲೇ ತುಂಬುತ್ತಿದ್ದಳು, ಬಸೂನ್ ಮಾತ್ರ ಮತ್ತೆ ಪೆಟ್ಟಿಗೆಯಿಂದ ತೆಗೆಯಲಿಲ್ಲ ಎಂದಿತ್ತು. ತಾಯಿಗೆ ಬಂದ ಮರೆವು ತನಗೂ ಬರುತ್ತದೆಂದು ಕಾದು ಕೂತರು, ಅದು ಬರಲೇ ಇಲ್ಲ.

ಮರುವರ್ಷ ಅದೇ ಬ್ಯಾಲೆ ಮತ್ತೆ ಹಾಕಿದರು. ಬಾಡಿಗೆಯ ಪೆಟ್ಟಿಗೆ ಬಂತು. ರಟ್ಟಿನ ಮೇಲಿನ ಮೊಹರಿನ ಸಂಖ್ಯೆ ನೋಡಿದೆ, ಅದೇ ಪಾರ್ಟುಗಳು. ಬಸೂನಿನದನ್ನು ಕಿಟಕಿಯ ಹತ್ತಿರ ಒಯ್ದು ಕೊನೆಯ ಪುಟ ತೆರೆದೆ. ಬೇರೆ ಎರಡು ಊರಿನ ಹೆಸರುಗಳು ಸೇರಿದ್ದವು. ಹಳೆಯ ಹೆಸರುಗಳಿಗೂ ಅವಕ್ಕೂ ನಡುವೆ ಒಂದಿಷ್ಟು ಖಾಲಿ ಜಾಗ. ಯಾರೂ ಅಲ್ಲಿ ಬರೆದಿರಲಿಲ್ಲ, ಏಕೆಂದು ತಿಳಿಯದು. ಪುಟವನ್ನು ಬೆಳಕಿಗೆ ಓರೆ ಮಾಡಿದೆ. ಅವರ ಹೆಬ್ಬೆರಳು ಒತ್ತಿದ್ದೆಲ್ಲ ಹಾಗೆಯೇ ಇತ್ತು. ಬಣ್ಣವಿಲ್ಲದ ಅಕ್ಷರಗಳು, ಮೂರು ಸಾಲು, ಕೆಳಗೆ ಹೆಸರು. ಹಿಂಬದಿಯಲ್ಲಿ ಬೆರಳಾಡಿಸಿದೆ. ಸಿಕ್ಕಿತು.

ಆ ಸಲ ಪ್ರತಿ ಪ್ರದರ್ಶನದಲ್ಲೂ ಎರಡನೇ ಅಂಕಕ್ಕೆ ನಾನು ಹೊರಗೆ ಹೋಗಿ ಬೀದಿಯಲ್ಲಿ ನಿಲ್ಲುತ್ತಿದ್ದೆ. ಪ್ರಯೋಜನವಾಗಲಿಲ್ಲ. ಮಾತು, ವಾಹನ, ಗಾಳಿ ಎಲ್ಲ ಒಟ್ಟಿಗೆ ನಿಂತ ಗಳಿಗೆಯಲ್ಲಿ ಈಗಲೂ ಆ ನಾಲ್ಕು ಸ್ವರ ಕೇಳಿಸುತ್ತವೆ. ಐದನೆಯದು ಬರುವುದಿಲ್ಲ.

ಪಾರ್ಟುಗಳನ್ನು ವಾಪಸು ಕಳಿಸುವ ದಿನ ಆ ಖಾಲಿ ಜಾಗದ ಕೆಳಗೆ ಸಣ್ಣದಾಗಿ ಬರೆದೆ: 'ಅಂದು ಕಟ್ ಬರೆದಿರಲಿಲ್ಲ. ಅವರು ಇದ್ದದ್ದನ್ನೇ ನುಡಿಸಿದರು.' ಸಹಿ ಹಾಕಲಿಲ್ಲ. ನುಡಿಸಿದವರು ಬರೆಯುವ ಜಾಗ ಅದು. ಈಗ ಯಾವ ಊರಿನ ಬಸೂನಿನವರು ಅದನ್ನು ಓದಿ, ಯಾರು ಈ 'ಅವರು' ಎಂದುಕೊಳ್ಳುತ್ತಾರೋ ಗೊತ್ತಿಲ್ಲ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದೂ ಹೇಡಿತನವೇ. ಅವರಿಗೆ ಓದಲು ಬಾರದ ಭಾಷೆ, ಅವರ ಅಣ್ಣನಿಗೂ ಬಾರದು, ಆ ಕಂಡಕ್ಟರಿಗೂ ಬಾರದು. ಬರೆದದ್ದನ್ನೆಲ್ಲ ಹೆಂಡತಿಗೆ ಓದಿ ಹೇಳಿದೆ. ಪೂರ್ತಿ ಕಥೆ ಅವಳು ಕೇಳಿದ್ದು ಇದೇ ಮೊದಲು. "ಆ ಕೊಳವೇನ ನಮ್ಮ ಮೇಜಿನ ಮೇಲೇ ಜೋಡ್ಸಿದ್ರು" ಎಂದಳು. ಆಮೇಲೆ, "ಹೆಸರಾದ್ರೂ ಬರೀರಿ. ಅಷ್ಟಾದ್ರೂ ವಾಪಸ್ ಕೊಡಿ" ಎಂದು ಒಳಗೆ ಹೋದಳು.

ಬರೆಯಲು ಪೆನ್ಸಿಲನ್ನೇ ತೆಗೆದುಕೊಂಡೆ, ಕೈಗೆ ಅದೇ ಅಭ್ಯಾಸ. ಕನ್ನಡದಲ್ಲಿ ಅವರ ಹೆಸರಿಗೆ ನಾಲ್ಕು ಅಕ್ಷರ. ಮೊದಲನೆಯದನ್ನು ಬರೆದು ನಿಲ್ಲಿಸಿದೆ, ರಬ್ಬರ್ ತೆಗೆದು ಉಜ್ಜಿದೆ. ಹಾಳೆಯನ್ನು ಕಿಟಕಿಗೆ ಓರೆ ಹಿಡಿದು ನೋಡಿದೆ, ಹಿಂಬದಿ ಸವರಿಯೂ ನೋಡಿದೆ. ನನ್ನ ಅಕ್ಷರದ ಗುರುತು ಎಲ್ಲೂ ಉಳಿದಿರಲಿಲ್ಲ.